ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಮೇಲೆ: ಸಕ್ಕರೆ ಕಾಯಿಲೆಯವರಿಗಾಗಿ ಕಂಪ್ಯೂಟರ್ ಎಚ್ಚರಿಕೆ ಕಟ್ಟುವ ಬಗೆ

ತಪ್ಪಿನಿಂದಲೇ ಶುರು ಮಾಡುತ್ತೇನೆ. ನಾಲ್ಕು ವರ್ಷದ ಹಿಂದೆ ಒಬ್ಬ ಲಾರಿ ಚಾಲಕರು ಮಗನ ಹೆಗಲು ಹಿಡಿದುಕೊಂಡು ನಮ್ಮ ಬುಧವಾರದ ಒಪಿಡಿಗೆ ಬಂದರು. "ಸಿಸ್ಟರಮ್ಮ, ಎಡಗಣ್ಣಿನ ಮುಂದೆ ಕಪ್ಪು ದಾರ ತೇಲಿದ ಹಾಗೆ ಕಂಡಿತು, ಆಮೇಲೆ ಪೂರ್ತಿ ಮಸುಕು" ಎಂದರು. ಕಂಪ್ಯೂಟರಿನಲ್ಲಿ ಅವರ ಹೆಸರು ತೆಗೆದರೆ ಕಣ್ಣಿನ ಎಚ್ಚರಿಕೆಯ ಮುಂದೆ ಹಸಿರು ಗುರುತು: 'ರೆಫರ್ ಮಾಡಲಾಗಿದೆ', ಅಂದರೆ ದೊಡ್ಡಾಸ್ಪತ್ರೆಗೆ ಪತ್ರ ಬರೆದುಕೊಟ್ಟಾಗಿದೆ. ತಾರೀಖು ಹನ್ನೊಂದು ತಿಂಗಳ ಹಿಂದಿನದು. ಗುರುತು ಹಾಕಿದವಳು ನಾನೇ. ಪತ್ರ ಎಲ್ಲಿ ಎಂದು ಕೇಳಿದ್ದಕ್ಕೆ ಲೈಸೆನ್ಸಿನ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ನಮ್ಮ ಪತ್ರವನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು. ಯಾಕೆ ಹೋಗಲಿಲ್ಲ ಎಂದೆ. "ಆಗ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿಗೆ ಹೋಗಿ ಯಾರನ್ನು ಕೇಳಬೇಕು ಎಂದೂ ನೀವು ಹೇಳಲಿಲ್ಲ" ಎಂದರು.

ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಎಚ್ಚರಿಕೆ ಕೊಟ್ಟಿತ್ತು, ಪತ್ರ ಮುದ್ರಿಸಿತ್ತು, ನಾನು ಒತ್ತಿದ ಗುಂಡಿಯನ್ನು ನಂಬಿ ಸುಮ್ಮನಾಗಿತ್ತು. ತಪ್ಪಿದ್ದು ಎಲ್ಲಿ ಎಂದರೆ, ಆ ಎಚ್ಚರಿಕೆಯನ್ನು ನಾವು ಪತ್ರ ಕೊಟ್ಟ ತಾರೀಖಿಗೆ ಕಟ್ಟಿದ್ದೆವು. ಕಟ್ಟಬೇಕಾಗಿದ್ದದ್ದು ಕಣ್ಣಿನ ವರದಿ ನಮ್ಮ ಕೈಗೆ ಬಂದ ತಾರೀಖಿಗೆ. ಈ ಬರಹದಿಂದ ನೀವು ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಅದನ್ನು ತೆಗೆದುಕೊಳ್ಳಿ, ಉಳಿದದ್ದನ್ನು ಪುರಸೊತ್ತಾದಾಗ ಓದಿ.

ನಾನು ಹಿರಿಯೂರು ಸೀಮೆಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಸಿಸ್ಟರ್. ಮೊದಲ ಹದಿಮೂರು ವರ್ಷ ಉದ್ದನೆಯ ರಿಜಿಸ್ಟರಿನಲ್ಲಿ ಬರೆದೆ, ಆಮೇಲೆ ಕಂಪ್ಯೂಟರ್ ಬಂತು. ತಂತ್ರಾಂಶ ಯಾವುದು ಎಂಬುದು ಮುಖ್ಯವಲ್ಲ. ದುಡ್ಡು ಕೊಟ್ಟು ತಂದದ್ದೂ ಆಗುತ್ತದೆ, ಛತ್ತೀಸ್‌ಗಢದ ಗನಿಯಾರಿಯ ಗ್ರಾಮೀಣ ಆಸ್ಪತ್ರೆಗಾಗಿ ಮೊದಲು ಬೆಳೆದ ಬಹ್ಮ್ನಿಯಂಥ ಮುಕ್ತ ತಂತ್ರಾಂಶವೂ ಆಗುತ್ತದೆ. 'ಇಂಥದ್ದು ಇದ್ದರೆ, ಇಂಥದ್ದು ತೋರಿಸು' ಎಂಬ ನಿಯಮ ಹಾಕಲು ಬಂದರೆ ಸಾಕು. ಅದೂ ಬಾರದಿದ್ದರೆ ವಾರಕ್ಕೊಮ್ಮೆ ಪಟ್ಟಿ ತೆಗೆದು ಕೈಯಲ್ಲೇ ಗುರುತು ಹಾಕಬಹುದು. ಸುಮಾರು ಏಳು ತಿಂಗಳು ನಾವು ಹಾಗೆಯೇ ನಡೆಸಿದೆವು.

ಡಾಕ್ಟರಿಗೆ ಗೊತ್ತಿಲ್ಲದ್ದನ್ನು ಕಂಪ್ಯೂಟರ್ ಹೇಳುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು 1976ರಲ್ಲೇ ಇದನ್ನು ತೋರಿಸಿಕೊಟ್ಟರು. ಕಂಪ್ಯೂಟರ್ ನೆನಪಿಸಿದಾಗ ವೈದ್ಯರು ನೂರರಲ್ಲಿ 51 ಸಂದರ್ಭಗಳಲ್ಲಿ ಮಾಡಬೇಕಾದ್ದನ್ನು ಮಾಡಿದರು, ನೆನಪಿಸದಿದ್ದಾಗ 22ರಲ್ಲಿ ಮಾತ್ರ. ಅದೇ ವೈದ್ಯರು, ಅದೇ ಓದು. ಅರವತ್ತು ಜನ ಸಾಲಿನಲ್ಲಿ ನಿಂತಿರುವಾಗ ಯಾರ ತಲೆಯಲ್ಲಿ ಎಷ್ಟು ಉಳಿಯುತ್ತದೆ ಹೇಳಿ.

ಆದರೆ ನೆನಪಿಸಿದರಷ್ಟೇ ಕಾಯಿಲೆ ತಹಬಂದಿಗೆ ಬರುವುದಿಲ್ಲ ಎಂಬುದಕ್ಕೂ ನಮ್ಮ ರಾಜ್ಯದ್ದೇ ಸಾಕ್ಷಿಯಿದೆ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ, ಸಲಹೆ ಕೊಟ್ಟು ನೆನಪಿಸುವ ತಂತ್ರಾಂಶವನ್ನು ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ, ಒಂದು ವರ್ಷದ ನಂತರ ರಕ್ತದೊತ್ತಡದಲ್ಲಾಗಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಾಗಲಿ ಆ ತಂತ್ರಾಂಶವಿದ್ದ ಕೇಂದ್ರಗಳಿಗೂ ಇಲ್ಲದ ಕೇಂದ್ರಗಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು ಬಂದ ಇನ್ನೊಂದು ಅಧ್ಯಯನ ಭಾರತ ಮತ್ತು ಪಾಕಿಸ್ತಾನದ 10 ಮಧುಮೇಹ ಚಿಕಿತ್ಸಾಲಯಗಳಲ್ಲಿ, 1,146 ರೋಗಿಗಳ ಮೇಲೆ ನಡೆದದ್ದು. ಅಲ್ಲಿ ಕಂಪ್ಯೂಟರಿನ ಸಲಹೆಯ ಜೊತೆಗೆ ರೋಗಿಯ ಬೆನ್ನು ಹತ್ತಲು ಒಬ್ಬ ಸಂಯೋಜಕರನ್ನೂ ಇಟ್ಟರು. ಸಕ್ಕರೆ, ರಕ್ತದೊತ್ತಡದಂಥವುಗಳಲ್ಲಿ ಗುರಿ ಮುಟ್ಟಿದವರ ಪ್ರಮಾಣ ಸುಮಾರು ಎರಡು ಪಟ್ಟಾಯಿತು. ಎರಡೂ ಬೇರೆ ಬೇರೆ ಜಾಗ, ಬೇರೆ ಬೇರೆ ರೋಗಿಗಳು, ತಾಳೆ ಹಾಕಿ ಪಂಥ ಕಟ್ಟುವುದು ಸರಿಯಲ್ಲ. ಆದರೂ ಲಾರಿ ಚಾಲಕರ ಪತ್ರ ನೋಡಿದ ಮೇಲೆ ನನ್ನ ಒಲವು ಯಾವ ಕಡೆಗೆ ಎಂದು ಹೇಳಬೇಕಾಗಿಲ್ಲ.

ಮೊದಲು ಹೆಸರು ಸರಿಮಾಡಿ

ಎಚ್ಚರಿಕೆ ಕಟ್ಟುವ ಮೊದಲು ದಾಖಲೆ ಚೊಕ್ಕವಾಗಬೇಕು. ನಮ್ಮಲ್ಲಿ ಒಂದೇ ಹಳ್ಳಿಯಿಂದ ಐವರು ಲಕ್ಷ್ಮಮ್ಮ ಇದ್ದರು. ಅವರಲ್ಲಿ ಇಬ್ಬರು ನಿಜವಾಗಿ ಒಬ್ಬರೇ: ಒಂದು ದಾಖಲೆಯಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು. ಒಂದರಲ್ಲಿ ಮೂತ್ರ ಪರೀಕ್ಷೆ, ಇನ್ನೊಂದರಲ್ಲಿ ರಕ್ತ ಪರೀಕ್ಷೆ. ಕಂಪ್ಯೂಟರಿನ ಪ್ರಕಾರ ಇಬ್ಬರಿಗೂ ಪರೀಕ್ಷೆ ಬಾಕಿ! ಕೇಂದ್ರ ಸರ್ಕಾರದ ಆರೋಗ್ಯ ಗುರುತಾದ ಆಭಾದ 14 ಅಂಕಿಯ ಸಂಖ್ಯೆ ಇದ್ದವರದ್ದನ್ನು ಅದರಿಂದಲೇ ಜೋಡಿಸಿ, ಇಲ್ಲದವರಿಗೆ ಊರು, ವಯಸ್ಸು, ಮನೆಯ ಮೊಬೈಲ್ ಮೂರನ್ನೂ ತಾಳೆ ನೋಡಿ. ಮೊಬೈಲ್ ಯಾರದು ಎಂಬುದನ್ನು ತಪ್ಪದೆ ಬರೆಯಿರಿ: ಸ್ವಂತದ್ದೋ, ಮಗನದ್ದೋ, ಪಕ್ಕದ ಮನೆಯದ್ದೋ.

ಆಮೇಲೆ ಅಂಕಿಗಳು. 'ಮೂತ್ರ ಪರವಾಗಿಲ್ಲ' ಎಂದು ಟಿಪ್ಪಣಿಯಲ್ಲಿ ಬರೆದರೆ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಫಲಿತಾಂಶ ಅದರದರ ಮನೆಯಲ್ಲಿ ಅಂಕಿಯಾಗಿಯೇ ಕೂರಬೇಕು, ಜೊತೆಗೆ ಯಾವ ಮಾನದಲ್ಲಿ ಎಂಬುದೂ ಇರಬೇಕು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.1 ಇದ್ದದ್ದು ಚುಕ್ಕೆ ಬಿದ್ದುಹೋಗಿ 11 ಆಗಿ, ಕಡಲೆಕಾಯಿ ಮಾರಿಕೊಂಡು ಆರಾಮವಾಗಿದ್ದ ಯಜಮಾನರೊಬ್ಬರನ್ನು ನಮ್ಮ ಪರದೆ ಡಯಾಲಿಸಿಸ್‌ಗೆ ಕಳಿಸಲು ಹೊರಟಿತ್ತು. ನಂಬಲಾಗದ ಅಂಕಿ ಬಂದರೆ 'ಮತ್ತೊಮ್ಮೆ ನೋಡಿ' ಎಂದು ತಡೆಯುವ ಮಿತಿಯನ್ನು ಮೊದಲೇ ಹಾಕಿಸಿ.

ನಿಯಮಗಳು

ನಿಯಮಗಳನ್ನು ಕಂಪ್ಯೂಟರಿನ ಹುಡುಗನ ಮುಂದೆ ಕೂತು ಯೋಚಿಸಬೇಡಿ. ಡಾಕ್ಟರೂ ನೀವೂ ಒಂದು ಸಂಜೆ ಕಾಗದದ ಮೇಲೆ ಬರೆಯಿರಿ. ಪ್ರತಿ ನಿಯಮದಲ್ಲೂ ನಾಲ್ಕು ಮಾತು ಇರಲಿ: ಯಾರಿಗೆ, ಯಾವಾಗ, ಎಲ್ಲಿಗೆ, ಯಾವುದು ಕೈಗೆ ಬಂದರೆ ಮುಗಿಯಿತು. ನಾಲ್ಕನೆಯದನ್ನು ಎಲ್ಲರೂ ಬಿಡುತ್ತಾರೆ, ನಾವೂ ಬಿಟ್ಟಿದ್ದೆವು.

ಕಣ್ಣು ಎಲ್ಲಕ್ಕಿಂತ ಸುಲಭದ ನಿಯಮ. ಹೆಚ್ಚಿನವರಿಗಿರುವ ಟೈಪ್ 2 ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗಲೇ ಒಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂದಿನ ಪರದೆ ನೋಡಬೇಕು, ಯಾಕೆಂದರೆ ನಮಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಎಷ್ಟೋ ವರ್ಷ ಒಳಗೇ ಇದ್ದಿರಬಹುದು. ಆಮೇಲೆ ವರ್ಷಕ್ಕೊಮ್ಮೆ. ಮೊದಲಿಂದಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಆದರೆ ಕಾಯಿಲೆ ಕಾಣಿಸಿದ 5 ವರ್ಷದೊಳಗೆ ಶುರು. ಮೊದಲೇ ಸಕ್ಕರೆ ಕಾಯಿಲೆಯಿದ್ದ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ. ಮುಗಿಯುವುದು ವರದಿ ಬಂದಾಗ.

ಮೂತ್ರಪಿಂಡಕ್ಕೆ ಎರಡು ಅಂಕಿ ಬೇಕು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ಹೇಳುವ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30 ದಾಟಿದರೆ ಕೂಡಲೇ ಯಾರನ್ನೂ ಓಡಿಸಬೇಡಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಹೊಲದ ಹೆಣಗಾಟ, ಯಾವುದರಿಂದಲೂ ಅದು ಏರುತ್ತದೆ. ಮೂರರಿಂದ ಆರು ತಿಂಗಳಲ್ಲಿ ಮೂರು ಪರೀಕ್ಷೆಯಲ್ಲಿ ಎರಡಾದರೂ ಏರಿದ್ದರೆ ಆಗ ನಿಜವೆಂದು ಹಿಡಿಯಿರಿ. ಹಾಗಾಗಿ ನಮ್ಮ ಮೊದಲ ಎಚ್ಚರಿಕೆ 'ರೆಫರ್ ಮಾಡಿ' ಎನ್ನುವುದಿಲ್ಲ, 'ಮತ್ತೊಮ್ಮೆ ಪರೀಕ್ಷಿಸಿ' ಎನ್ನುತ್ತದೆ. ಖಾತರಿಯಾಗಿ 300 ಮೀರಿದರೆ, ಅಥವಾ ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ ತಜ್ಞರಲ್ಲಿಗೆ. 45ಕ್ಕಿಂತ ಇಳಿದಾಗ ಡಾಕ್ಟರಿಗೆ ಬೇರೆಯದೇ ಒಂದು ಸಾಲು ಕಾಣುತ್ತದೆ: ಮೆಟ್‌ಫಾರ್ಮಿನ್ (ಸಕ್ಕರೆಯ ಮಾತ್ರೆ) ಪ್ರಮಾಣ ನೋಡಿ. 30ರ ಕೆಳಗೆ ಅದನ್ನು ಕೊಡುವಂತೆಯೇ ಇಲ್ಲ.

ಎಚ್‌ಬಿಎ1ಸಿ ನಿಯಮ ಹಾಕಿ ನಾವು ಮೋಸಹೋದೆವು. 'ಚಿಕಿತ್ಸೆಯಲ್ಲಿದ್ದೂ ಮೂರು ತಿಂಗಳ ಅಂತರದಲ್ಲಿ ಎರಡು ಸಲ 9 ದಾಟಿದರೆ ತಜ್ಞರಲ್ಲಿಗೆ' ಎಂದು ಬರೆದಿದ್ದೆವು. ಒಬ್ಬ ತಾಯಿಗೆ ಹಾಗೆಯೇ ಬಂತು, ಆದರೆ ಬೆರಳು ಚುಚ್ಚಿ ನೋಡಿದ ಅಂಕಿಗಳೆಲ್ಲ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕಣ್ಣಿನ ರೆಪ್ಪೆ ಕೆಳಗೆಳೆದರೆ ಬೆಳ್ಳಗೆ. ಹಿಮೋಗ್ಲೋಬಿನ್ 7.2. ತಿಂಗಳ ಮುಟ್ಟಿನ ಅತಿಸ್ರಾವವನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಕಬ್ಬಿಣಾಂಶದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆಕೆಗೆ ಬೇಕಾಗಿದ್ದವರು ಸಕ್ಕರೆಯ ತಜ್ಞರಲ್ಲ, ಸ್ತ್ರೀರೋಗ ತಜ್ಞರು. ಈಗ ಆ ಎಚ್ಚರಿಕೆ ಬಂದರೆ ಪಕ್ಕದಲ್ಲೇ ಕೊನೆಯ ಹಿಮೋಗ್ಲೋಬಿನ್ ಕಾಣುತ್ತದೆ, ಜೊತೆಗೆ ನನಗೆ ಮೂರು ಪ್ರಶ್ನೆ: ಮಾತ್ರೆ ದಿನವೂ ನುಂಗುತ್ತಾರೆಯೇ, ಇನ್ಸುಲಿನ್ ಎಲ್ಲಿಡುತ್ತಾರೆ, ಸೂಜಿ ಒಂದೇ ಜಾಗಕ್ಕೆ ಚುಚ್ಚಿ ಗಂಟಾಗಿದೆಯೇ. ಬೇಸಿಗೆಯಲ್ಲಿ ಇನ್ಸುಲಿನ್ ಅನ್ನು ಟ್ರಂಕಿನಲ್ಲಿ ಬಟ್ಟೆಯ ನಡುವೆ ಇಟ್ಟವರನ್ನು ಬೆಂಗಳೂರಿಗೆ ಕಳಿಸಿ ಏನು ಪ್ರಯೋಜನ? ಮಣ್ಣಿನ ಮಡಕೆಯ ತಂಪಿನಲ್ಲಿ ಇಡುವುದನ್ನು ಕಲಿಸಿದರೆ ಅರ್ಧ ರೆಫರಲ್ ಅಲ್ಲೇ ಉಳಿಯುತ್ತದೆ.

ಹೆರಿಗೆಯ ನಂತರದ್ದನ್ನು ಮರೆಯಬೇಡಿ. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವರಿಗೆ ಹೆರಿಗೆಯಾಗಿ 6 ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಬೇಕು. ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ, ದಾಖಲೆ ಗಂಡನ ಮನೆಯ ಊರಿನಲ್ಲಿ. ನಾವು ತವರಿನ ಆಶಾ ಕಾರ್ಯಕರ್ತೆಯ ಹೆಸರನ್ನು ಏಳನೆಯ ತಿಂಗಳಲ್ಲೇ ಬರೆದುಕೊಳ್ಳುತ್ತೇವೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯವೇ ಎಂದು ನೋಡಲು ಕಫ ಪರೀಕ್ಷೆಗೆ ಕಳಿಸುವ ಸಾಲೂ ಇರಲಿ. ಇನ್ಸುಲಿನ್ ತೆಗೆದುಕೊಳ್ಳುತ್ತಾ ಉಪವಾಸ ಹಿಡಿಯುವವರಿಗೆ ರಂಜಾನ್‌ಗೆ ಆರೆಂಟು ವಾರ ಮೊದಲೇ ಡಾಕ್ಟರ ಭೇಟಿ ನೆನಪಿಸುವ ಸಾಲೂ.

ಪಾದವನ್ನು ಕಂಪ್ಯೂಟರ್ ನೋಡುವುದಿಲ್ಲ

ಉಳಿದ ಎಚ್ಚರಿಕೆಗಳು ಲ್ಯಾಬಿನ ಅಂಕಿಯಿಂದ ಹುಟ್ಟುತ್ತವೆ. ಪಾದದ್ದು ನಿಮ್ಮ ಕೈಯಿಂದಲೇ ಹುಟ್ಟಬೇಕು. ಚಪ್ಪಲಿ ಬಿಚ್ಚಿಸದೆ 'ಪಾದ ಸರಿಯಿದೆ' ಎಂದು ಗುಂಡಿ ಒತ್ತುವುದಕ್ಕಿಂತ ಖಾಲಿ ಬಿಡುವುದು ಮೇಲು.

ಹತ್ತು ಗ್ರಾಂನ ಮಾನೋಫಿಲಮೆಂಟ್ ಎಂದರೆ ಹಿಡಿಕೆಗೆ ಸಿಕ್ಕಿಸಿದ ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ. ಮೊದಲು ಅದನ್ನು ರೋಗಿಯ ಅಂಗೈಗೆ ಮುಟ್ಟಿಸಿ, ಹೇಗನಿಸುತ್ತದೆ ಎಂದು ಗೊತ್ತಾಗಲಿ. ಆಮೇಲೆ ಕಣ್ಣು ಮುಚ್ಚಿಸಿ. "ಯಜಮಾನರೇ, ಮುಟ್ಟಿದ್ದು ಗೊತ್ತಾದಾಗ ಹೂಂ ಎನ್ನಿ." ಹೆಬ್ಬೆರಳಿನ ಅಡಿ, ಬೆರಳುಗಳ ಬುಡದ ಉಬ್ಬು, ಎಳೆ ಬಿಲ್ಲಿನ ಹಾಗೆ ಬಾಗುವಷ್ಟು ಒತ್ತಿ, ಒಂದು ಕ್ಷಣ ನಿಲ್ಲಿಸಿ ತೆಗೆಯಿರಿ. ಆಣಿಯ ಮೇಲೆ ಒತ್ತಬೇಡಿ, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಡುನಡುವೆ ಮುಟ್ಟದೆಯೂ "ಈಗ?" ಎಂದು ಕೇಳಿ. ಸಿಸ್ಟರಿಗೆ ಬೇಜಾರಾಗಬಾರದು ಎಂದು ಸುಮ್ಮನೆ ಹೂಂಗುಟ್ಟುವ ಹಿರಿಯರು ಬಹಳ.

ನಮ್ಮ ಪರದೆಯಲ್ಲಿ ಪಾದಕ್ಕೆ ಮೂರು ಗುಂಡಿ. ಹುಣ್ಣು, ಕೀವು, ಕಪ್ಪಾದ ಬೆರಳು, ಅಥವಾ ಗಾಯವಿಲ್ಲದೆಯೂ ಒಂದೇ ಪಾದ ಬಿಸಿಯಾಗಿ ಕೆಂಪಾಗಿ ಊದಿದ್ದರೆ 'ಇಂದೇ'. ಸ್ಪರ್ಶ ಹೋಗಿದೆ, ಅಥವಾ ಪಾದದ ನಾಡಿ ಸಿಗುತ್ತಿಲ್ಲ ಎಂದರೆ 'ಎರಡು ವಾರದೊಳಗೆ'. ಎರಡೂ ಇಲ್ಲದಿದ್ದರೆ 'ಮುಂದಿನ ವರ್ಷ'. ತೇರಿನ ಮರುವಾರ ನಾನು ಮಧ್ಯದ ಗುಂಡಿಯವರನ್ನೆಲ್ಲ ಕರೆಸುತ್ತೇನೆ. ಬಿಸಿಲಿನ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬೊಬ್ಬೆ ಎದ್ದದ್ದು ಅವರಿಗೆ ಗೊತ್ತಾಗಿರುವುದಿಲ್ಲ. ಈ ನಿಯಮ ಯಾವ ಮಾರ್ಗಸೂಚಿಯಲ್ಲೂ ಇಲ್ಲ, ನಾನೇ ಹಾಕಿಸಿದ್ದು.

ಕಿರುಚುವುದು ಕಡಿಮೆ ಇರಲಿ

ಮೊದಲ ತಿಂಗಳು ನಮ್ಮ ಪರದೆ ಮಾರಿಹಬ್ಬದ ಹಲಗೆಯ ಹಾಗೆ ಬಡಿದುಕೊಂಡಿತು. ಒಬ್ಬೊಬ್ಬರಿಗೆ ಮೂರು, ನಾಲ್ಕು ಕೆಂಪು ಪೆಟ್ಟಿಗೆ. ಎರಡನೆಯ ವಾರಕ್ಕೆ ಡಾಕ್ಟರು ಓದದೆಯೇ ಮುಚ್ಚತೊಡಗಿದರು, ಅವರ ಬೆರಳು ಪೆಟ್ಟಿಗೆ ಮೂಡುವ ಮೊದಲೇ ಅಲ್ಲಿಗೆ ಹೋಗಿರುತ್ತಿತ್ತು. ಅವರ ತಪ್ಪೆಂದು ನಾನು ಹೇಳುವುದಿಲ್ಲ.

ಈಗ ಡಾಕ್ಟರ ಮುಂದೆ ಕೆಂಪಾಗಿ ಎದ್ದು ನಿಲ್ಲುವುದು ಅಂದೇ ಏನಾದರೂ ಮಾಡಬೇಕಾದದ್ದು ಮಾತ್ರ: ಸಕ್ಕರೆ 54ಕ್ಕಿಂತ ಕೆಳಗೆ, 300 ಮೀರಿ ಜೊತೆಗೆ ವಾಂತಿ, ಏದುಸಿರು ಅಥವಾ ಮೂತ್ರದಲ್ಲಿ ಕೀಟೋನ್, ಪಾದದ 'ಇಂದೇ' ಗುಂಡಿ, ದಿಢೀರನೆ ಕಣ್ಣು ಮಸುಕು, ಬಸುರಿ ಎಂದು ಗುರುತಾಗಿ ಇನ್ನೂ ಕೊಬ್ಬಿನ ಸ್ಟ್ಯಾಟಿನ್ ಅಥವಾ ರಕ್ತದೊತ್ತಡದ ಎನಲಾಪ್ರಿಲ್‌ನಂಥ ಮಾತ್ರೆ ನಡೆಯುತ್ತಿರುವುದು. ಇವಕ್ಕೆ ಪತ್ರ ಸಾಲದು. ಫೋನ್ ಮಾಡಿ, ವಾಹನ ಹತ್ತಿಸಿ, ಆಮೇಲೆ ಬರೆಯಿರಿ. ಉಳಿದದ್ದೆಲ್ಲ ಸದ್ದಿಲ್ಲದೆ ನನ್ನ ಪಟ್ಟಿಗೆ ಬಂದು ಕೂರುತ್ತದೆ. ಬೇಡವೆಂದು ಮುಚ್ಚಲೂಬಹುದು, ಆದರೆ ಕಾರಣ ಆರಿಸಬೇಕು: ಬೇರೆ ಕಡೆ ತೋರಿಸಿದ್ದಾರೆ, ಹೋಗುವುದಿಲ್ಲ ಎಂದರು, ಹಾಸಿಗೆ ಹಿಡಿದಿದ್ದಾರೆ. 'ಬೇರೆ ಕಡೆ ತೋರಿಸಿದ್ದಾರೆ' ಎಂದರೆ ಎರಡು ತಿಂಗಳಿಗೆ ಮತ್ತೆ ತಲೆ ಎತ್ತುತ್ತದೆ, ವರದಿ ತಂದಿದ್ದಾರೆಯೇ ಎಂದು ಕೇಳಲು.

ಪತ್ರ ಮತ್ತು ಬಾಗಿಲು

'ಅಲ್ಲಿಗೆ ಹೋಗಿ ಯಾರನ್ನು ಕೇಳಬೇಕು' ಎಂಬ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಹಾಗಾಗಿ ನಾನೂ ನಮ್ಮ ಫಾರ್ಮಸಿಯ ಹುಡುಗಿಯೂ ಒಂದು ರಜೆಯ ದಿನ ಬಸ್ ಹತ್ತಿ, ನಾವು ಬರೆದುಕೊಡುವ ಆಸ್ಪತ್ರೆಗಳಿಗೆಲ್ಲ ರೋಗಿಗಳ ಹಾಗೆ ಹೋಗಿಬಂದೆವು. ಯಾವ ಬಾಗಿಲು, ಚೀಟಿ ಎಲ್ಲಿ ಮಾಡಿಸುವುದು, ಅಕ್ಷಿಪಟಲ ನೋಡುವವರು ಯಾವ ವಾರ, ಎಷ್ಟು ಗಂಟೆಯ ಮೇಲೆ ಚೀಟಿ ಕೊಡುವುದಿಲ್ಲ, ಊಟ ಎಲ್ಲಿ. ಅದೆಲ್ಲ ಈಗ ಪತ್ರದ ಹಿಂಬದಿಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ತಾನೇ ಮುದ್ರಣವಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವ ಚಿಕಿತ್ಸೆಗಳಿವೆ. ಅಂಥವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಇಲ್ಲದಿದ್ದರೆ ಅಷ್ಟು ದೂರ ಹೋಗಿ ಕಾಗದಕ್ಕಾಗಿ ವಾಪಸ್ ಬರುತ್ತಾರೆ.

ಹೇಳುವ ರೀತಿಯೂ ಕೆಲಸದ ಭಾಗವೇ. ಚೆನ್ನಾಗಿ ಕಾಣುವ ಕಣ್ಣನ್ನು ತೋರಿಸಲು ನೂರಾರು ರೂಪಾಯಿ, ಒಂದು ದಿನದ ಕೂಲಿ ಯಾಕೆ ಕಳೆಯಬೇಕು ಎಂಬುದು ನ್ಯಾಯವಾದ ಪ್ರಶ್ನೆ. ನಾನು ಹೇಳುವುದು ಇಷ್ಟು: "ತೆಂಗಿನ ಮರಕ್ಕೆ ಹುಳು ಬಿದ್ದಿದೆಯೋ ಎಂದು ನೀವು ಗರಿ ಒಣಗುವವರೆಗೆ ಕಾಯುತ್ತೀರಾ? ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಸೋರುವುದು ಮೊದಮೊದಲು ನಿಮಗೆ ಕಾಣುವುದಿಲ್ಲ, ಅವರ ಯಂತ್ರಕ್ಕೆ ಕಾಣುತ್ತದೆ." ಜೊತೆಗೆ ಒಂದು ಮಾತು ತಪ್ಪದೆ ಹೇಳಿ: ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಬೈಕ್ ತರಬೇಡಿ, ಜೊತೆಗೊಬ್ಬರಿರಲಿ. ಇದನ್ನು ಹೇಳದೆ ಕಳಿಸಿದವರು ಅಲ್ಲಿಂದ ಹನಿ ಹಾಕಿಸಿಕೊಳ್ಳದೆ ಹಿಂದಿರುಗಿದ್ದಾರೆ. ಈರುಳ್ಳಿ ಕೀಳುವ ವಾರದಲ್ಲಿ ದಿನ ಕೊಡಬೇಡಿ, ಯಾರೂ ಹೋಗುವುದಿಲ್ಲ.

ಪತ್ರದ ಕೆಳಗಿನ ಮೂರನೆಯ ಒಂದು ಭಾಗ ಹರಿದುಕೊಡುವಂಥದ್ದು. ಅಲ್ಲಿನ ವೈದ್ಯರು ಬರೆಯಬೇಕಾದದ್ದು ಮೂರೇ ಸಾಲು: ಏನು ಕಂಡಿತು, ಏನು ಮಾಡಿದೆವು, ಮತ್ತೆ ಯಾವಾಗ. ಪುಟಗಟ್ಟಲೆ ಕೇಳಿದರೆ ಯಾರೂ ಬರೆಯುವುದಿಲ್ಲ, ಮೂರು ಸಾಲನ್ನು ಬಹಳ ಜನ ಬರೆಯುತ್ತಾರೆ. ರೋಗಿ ಅದರ ಫೋಟೋ ಕಳಿಸಿದರೂ ಆಗುತ್ತದೆ. ಪರದೆಯಲ್ಲಿ ಈಗ 'ರೆಫರ್ ಮಾಡಲಾಗಿದೆ' ಎಂಬ ಗುರುತೇ ಇಲ್ಲ. ಬದಲಿಗೆ ನಾಲ್ಕು ಮೆಟ್ಟಿಲು: ಹೇಳಿದೆವು, ದಿನ ಗೊತ್ತಾಯಿತು, ಹೋಗಿಬಂದರು, ವರದಿ ಬಂತು. ಕೊನೆಯ ಮೆಟ್ಟಿಲಿಗೆ ಮಾತ್ರ ಹಸಿರು. ದಿನ ಕಳೆದು ಒಂದು ವಾರಕ್ಕೆ ಹೆಸರು ನನ್ನ ಪಟ್ಟಿಯ ತುದಿಗೆ ಏರುತ್ತದೆ, ನಾನು ಫೋನ್ ಮಾಡುತ್ತೇನೆ.

ಲಾರಿ ಚಾಲಕರನ್ನು ನಾವು ಆ ದಿನವೇ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಕಳಿಸಿದೆವು. ಕಣ್ಣೊಳಗೆ ರಕ್ತ ಸೋರಿತ್ತು. ಬಲಗಣ್ಣಿಗೆ ಲೇಸರ್ ಆಗಿ ಅದು ಉಳಿಯಿತು, ಎಡಗಣ್ಣು ಅರೆಬರೆ. ಈಗ ಅವರು ಲಾರಿ ಓಡಿಸುವುದಿಲ್ಲ, ಮಗ ಓಡಿಸುತ್ತಾನೆ.

ಫೋನಿನ ವಿಷಯದಲ್ಲಿ ಜಾಗ್ರತೆ. ಒಮ್ಮೆ ನಾನು "ನಿಮ್ಮ ಸೊಸೆಯ ಸಕ್ಕರೆ ವರದಿ" ಎಂದು ಅತ್ತೆಗೆ ಹೇಳಿಬಿಟ್ಟೆ, ಆ ಮನೆಯಲ್ಲಿ ಮದುವೆಯ ಹಿಂದಿನ ಮಾತೆಲ್ಲ ಎದ್ದು ರಂಪವಾಯಿತು. ಈಗ ಬೇರೆಯವರು ಎತ್ತಿದರೆ "ಆಸ್ಪತ್ರೆಯ ಸಿಸ್ಟರ್, ಬುಧವಾರ ಬರಲು ಹೇಳಿ" ಎಂದಷ್ಟೇ. ಕಾಯಿಲೆಯ ಹೆಸರಿಲ್ಲ. ಎಸ್‌ಎಂಎಸ್‌ನಲ್ಲೂ ಇಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ, ಆದರೆ ಆ ಸೊಸೆಯ ಮುಖ ನೋಡಿದ್ದರೆ ನಿಮಗೆ ಕಾನೂನು ಬೇಕಾಗುತ್ತಿರಲಿಲ್ಲ.

ತಿಂಗಳಿಗೊಮ್ಮೆ ಡಾಕ್ಟರ ಜೊತೆ ಕೂತು ಎರಡೇ ಅಂಕಿ ನೋಡಿ: ಎಷ್ಟು ಪತ್ರ ಹೊರಟವು, ಎಷ್ಟು ವರದಿ ಬಂದವು. ಒಂದು ನಿಯಮದ ಎಚ್ಚರಿಕೆಯನ್ನು ಸತತವಾಗಿ ಒಂದೇ ಕಾರಣ ಕೊಟ್ಟು ಮುಚ್ಚುತ್ತಿದ್ದರೆ ನಿಯಮವನ್ನು ತಿದ್ದಿ. ಮಾರ್ಗಸೂಚಿಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಪ್ರತಿ ನಿಯಮದ ಪಕ್ಕ ಯಾರು ಹಾಕಿದ್ದು, ಯಾವ ತಾರೀಖು ಎಂದು ಬರೆದಿಡಿ. ಹುಡುಗ ಕೆಲಸ ಬಿಟ್ಟುಹೋದ ಮೇಲೆ 'ಇದು ಯಾಕಿದೆ' ಎಂದು ತಲೆ ಕೆರೆದುಕೊಳ್ಳುವ ಪ್ರಸಂಗ ಬರುವುದಿಲ್ಲ.

ಇನ್ನು ಕರೆಂಟು. ಬುಧವಾರ ಬೆಳಿಗ್ಗೆ ಅದು ಇರುತ್ತದೆಂಬ ಭರವಸೆ ಇಲ್ಲದ್ದರಿಂದ ಮಂಗಳವಾರ ಸಂಜೆಯೇ ನಾಳೆ ಬರುವವರ ಪಟ್ಟಿಯನ್ನು ಬಾಕಿ ಎಚ್ಚರಿಕೆಗಳ ಸಮೇತ ಮುದ್ರಿಸಿಡುತ್ತೇನೆ. ಪೆನ್ನಿನಲ್ಲಿ ಗುರುತು ಹಾಕಿಕೊಂಡು ದಿನ ನಡೆಸುತ್ತೇನೆ. ಗುರುವಾರ ಮೊದಲ ಅರ್ಧ ಗಂಟೆ ಆ ಹಾಳೆಯಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸಲೆಂದೇ ಮೀಸಲು. ಆ ಅರ್ಧ ಗಂಟೆ ಸಿಸ್ಟರನ್ನು ಯಾರೂ ಇಂಜೆಕ್ಷನ್‌ಗೆ ಕರೆಯಬಾರದು ಎಂದು ಡಾಕ್ಟರೇ ಕೈಯಾರೆ ಬರೆದು ನನ್ನ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ.